ಕಾರ್ಪೆಟ್ ಒಣಗಿತ್ತು, ಕೆಳಗಿನ ಕೌದಿ ಒಣಗಿರಲಿಲ್ಲ

ನಮ್ಮ ಶಾಲೆಯ ಕನ್ನಡ ಮೇಡಂ ಕಾರಿಗೆಂದು ಮುಂಗಡ ಕೊಟ್ಟಾಗಿತ್ತು. ನನ್ನ ಮನೆಯಾಕೆ ಆ ಹಣವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದೂ ಆಗಿತ್ತು. ನನ್ನ ಮೂಗು ಕೆಲಸ ಶುರು ಮಾಡಿದ್ದು ಆಮೇಲೆ.

ಸಂಗತಿ 2022ರದು. ಆ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿಗೆ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಹೊರವರ್ತುಲ ರಸ್ತೆ ಹೊಳೆಯಾಗಿ, ಜನ ಟ್ರ್ಯಾಕ್ಟರಿನಲ್ಲಿ ಕುಳಿತು ಕಚೇರಿಗೆ ಹೋದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದಿದ್ದವು. ನನ್ನ ಮಗ ಆಗ ಇದ್ದದ್ದು ಬೆಳ್ಳಂದೂರಿನ ಕಡೆ. ಅವನ ಚಿಕ್ಕ ಕಾರು ಮನೆಯ ನೆಲಮಾಳಿಗೆಯಲ್ಲಿ ನಿಂತಿತ್ತು. ನೀರು ಬಾಗಿಲಿನ ಅಂಚು ದಾಟಿ ಒಳಗೆ ಬಂದು, ಸೀಟಿನ ಬುಡ ಮುಳುಗುವಷ್ಟು ನಿಂತು, ಮಾರನೆಯ ದಿನ ಇಳಿಯಿತು. ಪುಣ್ಯಕ್ಕೆ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಮಗ ಕಾರನ್ನು ತೊಳೆಸಿದ, ನೀರು ಹೀರುವ ಯಂತ್ರ ಹಾಕಿಸಿದ, ಎರಡು ದಿನ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದ. ಕಾರ್ಪೆಟ್ ಹಪ್ಪಳದಂತೆ ಒಣಗಿತು. ಅಷ್ಟರಲ್ಲಿ ಅವನಿಗೆ ಪುಣೆಗೆ ವರ್ಗವಾಯಿತು. 'ಅಪ್ಪ, ಕಾರು ನಿಮ್ಮ ಹತ್ತಿರವೇ ಇರಲಿ. ಯಾರಾದರೂ ಕೇಳಿದರೆ ಕೊಟ್ಟುಬಿಡಿ' ಎಂದು ತುಮಕೂರಿಗೆ ತಂದು ನಿಲ್ಲಿಸಿ ಹೋದ.

ಕೇಳಿದವರು ಕನ್ನಡ ಮೇಡಂ. ಗದಗದ ಕಡೆಯವರು. ಅವರ ಆರು ವರ್ಷದ ಮಗಳಿಗೆ ಉಬ್ಬಸ. 'ಬೈಕಿನ್ಯಾಗ ಮುಂಜಾನೆ ಥಂಡಿ, ಧೂಳು ಎರಡೂ ಆಗಂಗಿಲ್ರೀ ಸರ್. ಅಕಿ ಸಲುವಾಗೇ ಕಾರು ತಗೊಳ್ಳೋದು' ಎಂದಿದ್ದರು.

ಆಯುಧಪೂಜೆಯ ದಿನ ಕಾರಿಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆವು. ಮಾರನೆಯ ಬೆಳಿಗ್ಗೆ ನೋಡಿದರೆ ಗಾಜುಗಳೆಲ್ಲ ಮಸುಕು. ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಹನಿ ಕೂತಿದ್ದದ್ದು ಒಳಗೆ. ಬಾಗಿಲು ತೆರೆದಾಗ ಹಸಿ ಗೋಣಿಚೀಲಗಳನ್ನು ಮೂಲೆಯಲ್ಲಿ ಒಟ್ಟಿದರೆ ಬರುವಂಥ ಮುಗ್ಗಲು ವಾಸನೆ. ಮಳೆ ನಿಂತು ತಿಂಗಳಾಗಿದೆ, ಈ ನೀರು ಎಲ್ಲಿಂದ ಬಂತು?

ಹಳೆಯ ಪತ್ರಿಕೆಯೊಂದನ್ನು ನಾಲ್ಕು ಮಡಿಕೆ ಮಾಡಿ ಚಾಲಕನ ಕಾಲಿಡುವ ಜಾಗದಲ್ಲಿ ಕಾರ್ಪೆಟ್ಟಿನ ಮೇಲಿಟ್ಟೆ. ಅದರ ಮೇಲೆ ಮಂಡಿಯೂರಿ, ಮೈಭಾರವನ್ನೆಲ್ಲ ಹಾಕಿ, ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಿದೆ. ಎತ್ತಿ ನೋಡಿದರೆ ಪತ್ರಿಕೆ ಒದ್ದೆ. ಕೈಯಲ್ಲಿ ಮುಟ್ಟಿದರೆ ಕಾರ್ಪೆಟ್ ಒಣಗಿಯೇ ಇದೆ!

ಮಗನಿಗೆ ಫೋನ್ ಮಾಡಿದೆ. 'ನಾವು ಸುಳ್ಳೇನೂ ಹೇಳಿಲ್ಲವಲ್ಲಪ್ಪ. ಅವರು ಕೇಳಿಲ್ಲ, ನಾವು ಹೇಳಿಲ್ಲ' ಎಂದ. ನಿಜ ಹೇಳುತ್ತೇನೆ, ಆ ರಾತ್ರಿ ನನಗೂ ಅದು ಸರಿಯಾದ ಮಾತೇ ಎನಿಸಿತ್ತು. ಒಂದು ಸುಗಂಧದ ಡಬ್ಬಿ ತಂದಿಟ್ಟರೆ ಮುಗಿಯಿತು ಎಂದೂ ಮನಸ್ಸು ಹೇಳಿತು. ಮನೆಯಾಕೆ ಮಾತ್ರ, 'ನಾಳೆ ಸ್ಟಾಫ್ ರೂಮಿನಲ್ಲಿ ಅವರ ಎದುರಿಗೇ ಕೂತು ಬುತ್ತಿ ಬಿಚ್ಚಬೇಕಲ್ಲ ನೀವು' ಎಂದಷ್ಟೇ ಹೇಳಿ ದೀಪ ಆರಿಸಿದಳು.

ರಜೆ ಮುಗಿದು ಶಾಲೆ ತೆರೆದ ದಿನ ಮೇಡಂಗೆ ಎಲ್ಲವನ್ನೂ ಹೇಳಿ ಮುಂಗಡದ ಹಣ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದನ್ನ ಬಿಚ್ಚೋ ಮುಂದ ಹೇಳ್ರಿ ಸರ್. ನಾನೂ ನೋಡ್ತೀನಿ' ಎಂದರು.

ದೀಪಾವಳಿಗೆ ಮುಂಚಿನ ಭಾನುವಾರ ಬಿಚ್ಚಿದೆವು. ಕುಶನ್ ಅಂಗಡಿಯ ಭಾಯ್ ಬಂದಿದ್ದರು. ಅವರು ಮೊದಲು ಮಾಡಿದ ಕೆಲಸ ಬ್ಯಾಟರಿಯ ಋಣ ತಂತಿಯನ್ನು ಕಳಚಿದ್ದು. ಆಮೇಲೆ ಹತ್ತು ನಿಮಿಷ ಸುಮ್ಮನೆ ಚಹಾ ಕುಡಿದರು. ಇದು ಸೋಮಾರಿತನವಲ್ಲ. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ಪ್ಲಗ್ಗುಗಳಿರುತ್ತವೆ. ಅವು ಏರ್‌ಬ್ಯಾಗಿಗೆ, ಸೀಟ್ ಬೆಲ್ಟನ್ನು ಬಿಗಿಯುವ ಸಿಡಿಮದ್ದಿಗೆ ಸೇರಿದ ತಂತಿಗಳು. ಬ್ಯಾಟರಿ ತೆಗೆದ ಮೇಲೂ ಅದರ ಪೆಟ್ಟಿಗೆಯಲ್ಲಿ ಕೆಲಹೊತ್ತು ವಿದ್ಯುತ್ತು ಉಳಿದಿರುತ್ತದೆ. ಅದು ಇಳಿಯುವವರೆಗೆ ಕಾಯಲೇಬೇಕು.

ಸೀಟುಗಳು ಹೊರಬಂದವು. ಬಾಗಿಲಿನಂಚಿನ ಪ್ಲಾಸ್ಟಿಕ್ ಪಟ್ಟಿಗಳು ಬಂದವು. ಕಾರ್ಪೆಟ್ ಎತ್ತಿದಾಗ ಅದರ ಕೆಳಗೆ ಎರಡು ಬೆರಳು ದಪ್ಪದ ಬೂದುಬಣ್ಣದ ಮೆತ್ತೆ. ಕೈಯಲ್ಲಿ ಹಿಂಡಿದರೆ ಕಂದು ನೀರು ಸೋರಿತು. ಮೇಡಂ ಬಾಗಿ ನೋಡಿ, 'ಇದು ನಮ್ಮಜ್ಜಿ ಹೊಲಿತಿದ್ದ ಕೌದಿ ಇದ್ದಂಗ ಐತಲ್ರೀ ಸರ್!' ಎಂದರು. ಹೋಲಿಕೆ ಸರಿಯಾಗಿಯೇ ಇತ್ತು. ಕಾರಿನ ನೆಲಕ್ಕೆ ಹಾಸುವ ಫೆಲ್ಟ್ ಎಂಬುದನ್ನು ಬಹುಮಟ್ಟಿಗೆ ಹಳೆ ಬಟ್ಟೆ, ಗಿರಣಿಯ ಚಿಂದಿಗಳನ್ನು ಎಳೆ ಎಳೆಯಾಗಿ ಬಿಡಿಸಿ, ಒತ್ತಿ ಮಾಡುತ್ತಾರೆ. ಹತ್ತಿರದಿಂದ ನೋಡಿದರೆ ಕೆಂಪು, ನೀಲಿ, ಹಸಿರು ದಾರಗಳೂ ಕಾಣುತ್ತವೆ. ಕೆಲವು ಕಾರುಗಳಲ್ಲಿ ಇದರ ಬದಲು ಫೋಮ್ ಇರುತ್ತದೆ.

ಮೇಷ್ಟ್ರ ಬುದ್ಧಿ ಸುಮ್ಮನಿರಬೇಕಲ್ಲ. ಚಾಲಕನ ಕಡೆಯ ತುಂಡನ್ನು ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಹಾಕಿದೆ. 3 ಕಿಲೋ 200 ಗ್ರಾಂ. ನಾಲ್ಕು ದಿನ ತಾರಸಿಯ ಬಿಸಿಲಿನಲ್ಲಿ ಒಣಗಿಸಿ ಮತ್ತೆ ತೂಗಿದರೆ 1 ಕಿಲೋ 100 ಗ್ರಾಂ. ಒಂದೇ ತುಂಡಿನಲ್ಲಿ ಎರಡು ಲೀಟರಿಗೂ ಮೀರಿದ ನೀರು! ಇಡೀ ಕಾರಿನಲ್ಲಿ ಸುಮಾರು ಐದು ಲೀಟರ್ ಇತ್ತೆಂದು ಇಟ್ಟುಕೊಳ್ಳೋಣ.

ಒಂದೂವರೆ ತಿಂಗಳಾದರೂ ಇದು ಏಕೆ ಒಣಗಲಿಲ್ಲ? ಲೆಕ್ಕ ಸರಳ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಚಿಕ್ಕ ಕಾರಿನೊಳಗೆ ಇರುವುದು ಸುಮಾರು ಮೂರು ಘನ ಮೀಟರ್ ಗಾಳಿ. ಅಂದರೆ ಗಾಜು ಏರಿಸಿದ ಕಾರಿನ ಗಾಳಿಯೆಲ್ಲ ಸೇರಿ ಹೊರುವ ನೀರು 90 ಗ್ರಾಂ, ಅರ್ಧ ಲೋಟವೂ ಅಲ್ಲ. ಐದು ಲೀಟರ್ ಹೊರಗೆ ಹೋಗಬೇಕಾದರೆ ಕಾರಿನೊಳಗಿನ ಗಾಳಿ ಪೂರ್ತಿ ತೇವಗೊಂಡು, ಪೂರ್ತಿ ಹೊರಹೋಗಿ, ಅದರ ಜಾಗಕ್ಕೆ ಒಣ ಗಾಳಿ ಬರಬೇಕು. ಹೀಗೆ ಐವತ್ತೈದು ಸಲ! ಹೊರಗಿನ ಗಾಳಿ ಎಂದೂ ಪೂರ್ತಿ ಒಣಗಿರುವುದಿಲ್ಲವಾದ್ದರಿಂದ ಈ ಸಂಖ್ಯೆ ಇನ್ನೂ ಹೆಚ್ಚುತ್ತದೆ.

ರಾತ್ರಿ ಏನಾಗುತ್ತದೆ ನೋಡಿ. ಗಾಳಿ 20 ಡಿಗ್ರಿಗೆ ತಣಿದಾಗ ಅದರ ಸಾಮರ್ಥ್ಯ ಘನ ಮೀಟರಿಗೆ ಸುಮಾರು 17 ಗ್ರಾಂಗೆ ಇಳಿಯುತ್ತದೆ. ಹೆಚ್ಚಾದ ಆವಿ ತಣ್ಣನೆಯ ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ, ಹನಿ ಕೆಳಗಿಳಿದು ಮತ್ತೆ ಕಾರ್ಪೆಟ್ ಸೇರುತ್ತದೆ. ಏಳನೇ ತರಗತಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಜಲಚಕ್ರವೇ ನನ್ನ ಮಗನ ಕಾರಿನೊಳಗೆ ದಿನವೂ ನಡೆಯುತ್ತಿತ್ತು!

ಇನ್ನೊಂದು ಅಡ್ಡಿಯಿದೆ. ಮೆತ್ತೆಯ ಕೆಳಗೆ ತಗಡು, ಮೇಲೆ ಕಾರ್ಪೆಟ್ಟಿನ ಹಿಂಬದಿಗೆ ಅಂಟಿಸಿದ ರಬ್ಬರಿನಂಥ ಭಾರದ ಪದರ. ಎರಡೂ ನೀರನ್ನಾಗಲಿ ಆವಿಯನ್ನಾಗಲಿ ಬಿಡುವುದಿಲ್ಲ. ಆವಿಗೆ ಉಳಿದದ್ದು ಅಂಚುಗಳ ಸಂದಿ ಮಾತ್ರ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಎಳೆಗಳ ನಡುವೆ ಏರಿ ಕೂತ ನೀರು ಹೊರಬರುವುದು ಸುಲಭವಲ್ಲ. ಮೇಲಿನ ನೂಲು ಒಣಗಿತು ಎಂಬುದರಿಂದ ಕೆಳಗಿನ ಮೆತ್ತೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಹಾಗಾದರೆ ಈ ಕೌದಿಯ ರಗಳೆಯೇ ಬೇಡ, ಬರೀ ಕಾರ್ಪೆಟ್ ಸಾಕಲ್ಲ ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ತುಕ್ಕು ತೆಗೆಸಲು ಚಾಲಕನ ಸೀಟೊಂದನ್ನೇ ಬಿಗಿದು ಬರಿಯ ತಗಡಿನ ಕಾರನ್ನು ಟಿಂಕರ್ ಅಂಗಡಿಗೆ ಒಯ್ದೆ. ಎರಡು ಕಿಲೋಮೀಟರ್ ದಾರಿ ಹಿಟ್ಟಿನ ಗಿರಣಿಯೊಳಗೆ ಕೂತಂತಿತ್ತು. ಕಾರಿನ ನೆಲ ಒಂದು ಮಿಲಿಮೀಟರಿಗಿಂತ ತೆಳುವಾದ ಉಕ್ಕಿನ ತಗಡು. ಎಂಜಿನ್ನಿನ ನಡುಕ, ಟೈರಿನ ಮೊರೆತ ಎಲ್ಲವೂ ಅದನ್ನು ತಮಟೆಯ ಚರ್ಮದಂತೆ ಬಡಿಯುತ್ತವೆ.

ಇದನ್ನು ಅಡಗಿಸಲು ಮೂರು ಉಪಾಯಗಳನ್ನು ಒಂದರ ಮೇಲೊಂದು ಮಾಡಿರುತ್ತಾರೆ. ಮೊದಲನೆಯದು ತಗಡಿಗೆ ಅಂಟಿಸಿದ ಡಾಂಬರಿನ ಹಾಳೆ. ದೇವಸ್ಥಾನದ ಜಾಗಟೆ ಬಾರಿಸಿದ ಕೂಡಲೇ ಅಂಗೈ ಇಟ್ಟರೆ ನಾದ ತಟ್ಟನೆ ನಿಲ್ಲುತ್ತದಲ್ಲ, ಈ ಹಾಳೆಯದೂ ಅದೇ ಕೆಲಸ. ತಗಡು ಬಾಗಿದಾಗಲೆಲ್ಲ ಅಂಟಾದ ಡಾಂಬರು ಎಳೆದಾಡಿಕೊಂಡು ಕಂಪನದ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಎರಡನೆಯದು ಮೆತ್ತೆ. ಶಬ್ದದ ಅಲೆ ಎಳೆಗಳ ನಡುವಿನ ಗಾಳಿಯನ್ನು ಅಲ್ಲಾಡಿಸುವಾಗ ಘರ್ಷಣೆಯಿಂದ ಶಕ್ತಿ ಕಳೆದುಕೊಳ್ಳುತ್ತದೆ. ಮೂರನೆಯದು ಕಾರ್ಪೆಟ್ಟಿನ ಹಿಂದಿನ ಭಾರದ ಪದರ. ಶಬ್ದಕ್ಕೆ ಭಾರದ ಗೋಡೆಯನ್ನು ಅಲ್ಲಾಡಿಸುವುದು ಕಷ್ಟ.

ಮೆತ್ತೆ ಶಬ್ದವನ್ನು ನುಂಗುವ ಪರಿಯನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ವ್ಯಾಲೇಸ್ ಸೇಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಮೊರೆಮೊರೆದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಹೊಣೆ ಈ ತರುಣ ಮೇಷ್ಟ್ರಿಗೆ ಬಂತು. ಅವರು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ನಿನ ಕೊಳವೆ ಊದಿಸಿ, ನಾದ ಅಡಗಲು ಎಷ್ಟು ಕ್ಷಣ ಬೇಕೆಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ನಾದ ಬೇಗ ಅಡಗಿತು. ಮೆತ್ತೆಯ ಒಳಗಿನ ಸಂದುಗಳಲ್ಲಿ ಗಾಳಿ ಇದ್ದರೆ ಮಾತ್ರ ಈ ಗುಣ. ಸಂದುಗಳಿಗೆ ನೀರು ತುಂಬಿದರೆ ಅಲುಗಾಡಲು ಗಾಳಿಯೇ ಇರುವುದಿಲ್ಲ. ನೆನೆದ ಫೆಲ್ಟ್ ಶಬ್ದವನ್ನೂ ತಡೆಯುವುದಿಲ್ಲ, ಕೇಡನ್ನೂ ಮಾಡುತ್ತದೆ.

ಕೇಡು ಎರಡು ಬಗೆ. ಒಂದು ಬೂಷ್ಟು. ನೆನೆದ ವಸ್ತು 24ರಿಂದ 48 ಗಂಟೆಗಳಲ್ಲಿ ಒಣಗದಿದ್ದರೆ ಬೂಷ್ಟು ಹತ್ತಲು ಶುರುವಾಗುತ್ತದೆ. ಅದರ ಬೀಜಕಣಗಳು ಉಬ್ಬಸದವರ ಶತ್ರು. ನಮ್ಮ ಮೆತ್ತೆಯ ಅಡಿಯಲ್ಲಿ ಕಪ್ಪು ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಹರಡಿದ್ದವು. ಮೇಡಂ ಅದನ್ನು ನೋಡಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಗಾಜು ಏರಿಸಿದ ಆ ಕಾರಿನಲ್ಲಿ ಅವರ ಮಗಳು ದಿನವೂ ಶಾಲೆಗೆ ಬರುತ್ತಿದ್ದಳು ಎಂಬುದು ಅವರಿಗೂ ಹೊಳೆಯಿತು, ನನಗೂ ಹೊಳೆಯಿತು. ಇಬ್ಬರೂ ಮಾತಾಡಲಿಲ್ಲ.

ಎರಡನೆಯ ಕೇಡು ತುಕ್ಕು. ಡಾಂಬರಿನ ಹಾಳೆ ಎದ್ದುಕೊಂಡ ಕಡೆ ನೀರು ನುಗ್ಗಿ, ತಗಡು ಕಂದಾಗಿ ಉಬ್ಬಿತ್ತು. ಸೀಟಿನ ಬೋಲ್ಟುಗಳು ನಿಂತಿರುವುದು ಇದೇ ನೆಲದ ಮೇಲೆ. ಅಪಘಾತವಾದಾಗ ನಮ್ಮನ್ನು ಹಿಡಿದಿಡುವ ಬೆಲ್ಟಿನ ಬುಡವೂ ಅದರ ಪಕ್ಕದಲ್ಲೇ. ನೆಲ ತೂತಾಗುವವರೆಗೆ ಕಾಯುವ ಮಾತೇ ಇಲ್ಲ.

ಇನ್ನು ರಿಪೇರಿಯ ಕ್ರಮ. ನಿಮಗೂ ಇಂಥ ಸಂದರ್ಭ ಬಂದರೆ, ವಿಮೆ ಇದ್ದ ಪಕ್ಷದಲ್ಲಿ ಏನನ್ನೂ ಬಿಚ್ಚುವ ಮೊದಲು ಫೋಟೋ ತೆಗೆದು ವಿಮಾ ಕಂಪನಿಗೆ ತಿಳಿಸಿ. ನೀರು ಎಲ್ಲಿಂದ ಬಂತೆಂದು ಪತ್ತೆ ಮಾಡಿ. ಪ್ರವಾಹವೇ ಆಗಬೇಕೆಂದಿಲ್ಲ. ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿ ಕಟ್ಟಿಕೊಂಡ ತೂಬು, ಬಾಗಿಲಿನೊಳಗೆ ಹರಿದ ಪ್ಲಾಸ್ಟಿಕ್ ಹಾಳೆ, ಕಸ ಕಟ್ಟಿದ ಏಸಿಯ ನೀರಿನ ಕೊಳವೆ, ಎಲ್ಲವೂ ಇದನ್ನೇ ಮಾಡುತ್ತವೆ. ಮೂಲ ಮುಚ್ಚದೆ ಹೊಸ ಮೆತ್ತೆ ಹಾಕಿದರೆ ತೂತಿನ ಬಿಂದಿಗೆಗೆ ಕಲಾಯಿ ಮಾಡಿಸಿದ ಹಾಗೆ.

ಶುದ್ಧ ಮಳೆನೀರಿನಲ್ಲಿ ಅಂದೇ ನೆನೆದ ಮೆತ್ತೆಯನ್ನು ಹೊರತೆಗೆದು ಒಣಗಿಸಿ ಮತ್ತೆ ಹಾಕಬಹುದು. ಚರಂಡಿ ನೀರು ಕುಡಿದದ್ದನ್ನು, ಬೂಷ್ಟು ಹಿಡಿದದ್ದನ್ನು ಎಸೆಯುವುದೇ ಸರಿ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬೇಡಿ. ತುಂಡುಗಳನ್ನು ಎಸೆಯುವ ಮೊದಲು ಪತ್ರಿಕೆಯ ಮೇಲಿಟ್ಟು ಅಚ್ಚು ಬರೆದುಕೊಳ್ಳಿ. ಟೈಲರ್ ಹಳೆ ರವಿಕೆ ನೋಡಿ ಹೊಸದನ್ನು ಕತ್ತರಿಸುವಂತೆ ಹೊಸ ಮೆತ್ತೆಗೆ ಇದೇ ಅಳತೆ.

ನೆಲವನ್ನು ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ತಂತಿಯ ಕೂಡುಗಳಲ್ಲಿ ಹಸಿರು ಪುಡಿ ಕಟ್ಟಿದೆಯೇ ನೋಡಿ. ಡಾಂಬರಿನ ಹಾಳೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. 'ಧಪ್' ಎಂದರೆ ಅಂಟಿದೆ, ಇರಲಿ ಬಿಡಿ. ಟೊಳ್ಳು ಸದ್ದು ಬಂದ ಕಡೆ ಬಿಸಿಗಾಳಿ ಬಿಟ್ಟು ಕೆರೆದು ತೆಗೆಯಬೇಕು. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ಉಳಿದ ತುಕ್ಕು ಗಟ್ಟಿಯಾದ ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ಅದರ ಮೇಲೆ ಪ್ರೈಮರ್, ಬಣ್ಣ. ಎರಡು ದಿನ ಒಣಗಲು ಬಿಡಿ. ತಗಡು ತೂತಾಗಿದ್ದರೆ ಹಾಳೆ ಮುಚ್ಚಿ ಮರೆಸಬೇಡಿ, ಟಿಂಕರ್ ಹತ್ತಿರ ಬೆಸುಗೆ ಹಾಕಿಸಿ.

ಹೊಸ ಹಾಳೆಗೆ ಕಾರಿಗೆಂದೇ ಮಾಡಿದ ಬ್ಯುಟೈಲ್ ರಬ್ಬರಿನದು ಒಳ್ಳೆಯದು. ಮೇಲೆ ಅಲ್ಯೂಮಿನಿಯಂ ಹೊದಿಕೆ ಇರುತ್ತದೆ. ತಾರಸಿ ಸೋರಿಕೆಗೆ ಹಚ್ಚುವ ಡಾಂಬರಿನ ಪಟ್ಟಿ ಅಗ್ಗವೆಂದು ತಂದರೆ ಏಪ್ರಿಲ್ ಬಿಸಿಲಿನಲ್ಲಿ ಕರಗಿ ನಾರುತ್ತದೆ. ಹಾಳೆಯನ್ನು ರೋಲರಿನಿಂದ ಬಲವಾಗಿ ಒತ್ತಬೇಕು. ಒಳಗೆ ಗುಳ್ಳೆ ಉಳಿದರೆ ಮುಂದೆ ಅದೇ ನೀರಿನ ಮನೆ. ಇಡೀ ನೆಲಕ್ಕೆ ಹಚ್ಚಬೇಕಾಗಿಲ್ಲ. ಜಾಗಟೆಯ ನಾದ ನಿಲ್ಲಿಸಲು ಅಂಗೈಯಷ್ಟು ಜಾಗ ಸಾಕಲ್ಲವೇ? ತಗಡಿನ ಪ್ರತಿ ಅಂಕಣದ ನಡುಭಾಗಕ್ಕೆ, ಕಾಲುಭಾಗದಿಂದ ಅರ್ಧಭಾಗ ಮುಚ್ಚಿದರೆ ಸಾಕು. ನೆಲದ ತೂತುಗಳಿಗೆ ಹಾಕಿದ ರಬ್ಬರ್ ಬಿರಡೆಗಳನ್ನು ಮಾತ್ರ ಮುಚ್ಚಕೂಡದು. ಮತ್ತೆ ನೀರು ಬಂದರೆ ಅವೇ ಹೊರದಾರಿ.

ಮೆತ್ತೆಗೆ ಫೆಲ್ಟ್ ಹಾಕಬೇಕೋ ನೀರು ಹೀರದ ಫೋಮ್ ಹಾಕಬೇಕೋ? ನೀರು ಹೀರದ ಫೋಮ್ ಶಬ್ದವನ್ನೂ ಅಷ್ಟಾಗಿ ಹೀರದು, ಅದರ ಅಡಿಗೆ ನುಸುಳಿದ ನೀರನ್ನು ಒಣಗಲೂ ಬಿಡದು. ನಾವು ಮೊದಲಿದ್ದಷ್ಟೇ ದಪ್ಪದ ಫೆಲ್ಟನ್ನೇ ಹಾಕಿಸಿದೆವು. ದಪ್ಪ ಹೆಚ್ಚಿಸಿದರೆ ಇನ್ನೂ ನಿಶ್ಶಬ್ದವಾದೀತೆಂದು ನಾನು ಆಸೆಪಟ್ಟಾಗ ಭಾಯ್, 'ಬೇಡಿ ಸಾರ್, ಕಾರ್ಪೆಟ್ ಉಬ್ಬಿ ಆಕ್ಸಿಲರೇಟರ್‌ಗೆ ಸಿಕ್ಕಾಕ್ಕೊಳ್ಳುತ್ತೆ' ಎಂದರು. ಬಿಎಸ್ಸಿ ಓದಿದ ನನಗೆ ಹೊಳೆಯದ ಮಾತು. ಎಲ್ಲ ಮುಗಿದ ಮೇಲೆ ಸೀಟು ಬಿಗಿದು, ಪ್ಲಗ್ಗುಗಳನ್ನು ಸೇರಿಸಿ, ಕೊನೆಗೆ ಬ್ಯಾಟರಿ ಜೋಡಿಸಿದೆವು. ಏರ್‌ಬ್ಯಾಗಿನ ದೀಪ ಕೆಲವು ಕ್ಷಣ ಹತ್ತಿ ಆರಿತು. ಆರದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಒಂದು ವಾರ ದಿನವೂ ರಾತ್ರಿ ಕಾರ್ಪೆಟ್ಟಿನ ಕೆಳಗೆ ಪತ್ರಿಕೆ ತುರುಕಿಟ್ಟು ಬೆಳಿಗ್ಗೆ ತೆಗೆದು ನೋಡಿದೆ. ಗರಿಗರಿಯಾಗಿಯೇ ಇತ್ತು. ಗಾಜೂ ಮಸುಕಾಗಲಿಲ್ಲ.

ಕಾರು ಈಗ ಸರಿಯಾಗಿದೆ, ಬೆಲೆಯನ್ನೂ ಇಳಿಸುತ್ತೇನೆ ಎಂದು ಮೇಡಂಗೆ ಹೇಳಿದೆ. ಅವರು ಬಹಳ ಸಂಕೋಚದಿಂದ, 'ತಪ್ಪು ತಿಳೀಬ್ಯಾಡ್ರಿ ಸರ್. ಆ ಕರೀ ಚುಕ್ಕಿ ನೋಡಿದ ಮ್ಯಾಲೆ ಮನಸ ಒಪ್ಪವಲ್ದು' ಎಂದರು. ತಪ್ಪು ತಿಳಿಯುವುದು ಏನಿದೆ? ಮುಂಗಡ ವಾಪಸು ತೆಗೆದುಕೊಂಡರು. ಮಗ ಎರಡು ದಿನ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಕಾರು ನನ್ನ ಬಳಿಯೇ ಉಳಿಯಿತು.

ಮುಂದಿನ ಜನವರಿಯಲ್ಲಿ ಅವರು ಬೇರೊಂದು ಹಳೆಯ ಕಾರು ನೋಡಲು ಹೋದಾಗ ನನ್ನನ್ನೂ ಕರೆದರು. ನಾನು ಬಾಯಿ ತೆರೆಯುವ ಮುನ್ನವೇ ಅವರು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿದರು. ಸೀಟಿನ ಕೆಳಗೆ ಕೈಹಾಕಿ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಮುಟ್ಟಿ ನೋಡಿದರು. ಆಮೇಲೆ ಚೀಲದಿಂದ ಮಡಿಸಿದ ಪತ್ರಿಕೆಯೊಂದನ್ನು ತೆಗೆದು, ಕಾರ್ಪೆಟ್ಟಿನ ಮೇಲಿಟ್ಟು, ಸೀರೆಯ ನೆರಿಗೆ ಎತ್ತಿಕಟ್ಟಿ ಮಂಡಿಯೂರಿದರು. ಕಾರಿನ ಮಾಲೀಕ ಗಾಬರಿಯಾಗಿ, 'ಏನು ಮೇಡಂ, ಪೂಜೆಯೇ?' ಎಂದು ಕೇಳಿದ.

'ಸ್ವಲ್ಪ ತಡೀರಿ, ಇಪ್ಪತ್ತು ಎಣಿಸಾಕತ್ತೀನಿ' ಎಂದರು ಮೇಡಂ.